ಮಡುವನಗರ ಕಳೆದುಕೊಂಡ ಮಾತು

ಹೊಳೆಗಳಿಗೂ ಮನುಷ್ಯರ ಮಾತು ತಿಳಿಯುತ್ತಿದ್ದ ಕಾಲದಲ್ಲಿ, ಬಡಗಣ ಸೀಮೆಗೆ ಮಡುವನಗರವೆಂಬ ರಾಜಧಾನಿಯಿತ್ತು. ಹೊನ್ನಹೊಳೆಯ ದಡ. ಅರಮನೆಯ ಮೆಟ್ಟಿಲು ನೇರ ನೀರಿಗಿಳಿಯುತ್ತಿತ್ತು. ಕಂಚುಗಾರರ ಬೀದಿಯ ಸದ್ದು ಆಚೆ ದಡಕ್ಕೂ ಕೇಳುತ್ತಿತ್ತು. ಅಲ್ಲಿ ಯಾರೇ ಹೊರಟರೂ 'ಹೋಗ್ತೀನಿ' ಅನ್ನುತ್ತಿರಲಿಲ್ಲ, 'ಬರ್ತೀನಿ' ಅನ್ನುತ್ತಿದ್ದರು. ಊರನ್ನು ದಡಕ್ಕೆ ಕಟ್ಟಿದ ಹಗ್ಗವೇ ಆ ಮಾತು.

ಆಸ್ಥಾನದಲ್ಲಿ ತನಗೆ ಮಣೆ ಹಾಕಲಿಲ್ಲವೆಂದು ಮಸಣಾಕ್ಷನೆಂಬ ಮಾಂತ್ರಿಕ ಉರಿದುಬಿದ್ದ. ಊರವರ ಬಾಯಿಂದ ಆ ಮಾತನ್ನೇ ಕದ್ದು, ನಾಲಿಗೆಯಡಿ ಬಚ್ಚಿಟ್ಟುಕೊಂಡು ನಡುಗಡ್ಡೆ ಸೇರಿದ. ಅಂದಿನಿಂದ ಊರು ನಿಂತಲ್ಲಿ ನಿಲ್ಲದು. ದಿನಾ ಒಂದಿಷ್ಟು ಕಡಲ ಕಡೆ ಜಾರುವುದು. ಒಲೆಯ ಮೇಲಿನ ಹಾಲು ತುಳುಕುವುದು, ತೊಟ್ಟಿಲ ಕೂಸು ಬೆಚ್ಚುವುದು. ಹೊರಗೆ ಹೋದವರಿಗೆ ಮರಳಲು ಊರೇ ಸಿಗದು.

ದೋಣಿಕಟ್ಟೆಯಲ್ಲಿ ರೊಟ್ಟಿ ಮಾರುವ ಕೆಂಚವ್ವನ ಗಂಡ ತೊರೆಯಪ್ಪನೂ 'ಹೋಗ್ತೀನಿ' ಎಂದು ದೋಣಿ ಬಿಟ್ಟವನು, ಬರಲೇ ಇಲ್ಲ. ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕೊನೆಗೆ ಹಿಟ್ಟು, ಹಂಚು, ಒಣಮೀನು, ಬೆಳ್ಳುಳ್ಳಿ ಕಟ್ಟಿಕೊಂಡು, ಮಾಂತ್ರಿಕನಿದ್ದ ನಡುಗಡ್ಡೆಗೆಂದು ಹರಿಗೋಲು ಹತ್ತಿದಳು.

ನಡುಗಡ್ಡೆಯ ಕಾವಲಿಗಿದ್ದ ಮೊಸಳೆ ಬಾಯಿ ತೆರೆಯಿತು. ಅದಕ್ಕೆರಡು ಮೀನು ಎಸೆದಳು.

"ಅವನ ಬಾಯಿಂದ ಆ ಮಾತು ಹೊರಬಿದ್ರೆ ಸಾಕವ್ವ, ತಾನೇ ಊರಿಗೆ ಹಾರುತ್ತೆ," ಎಂದಿತು ಮೊಸಳೆ.

ಕೆಂಚವ್ವ ಮಾಂತ್ರಿಕನ ಗುಹೆಯ ಮುಂದೆ ಒಲೆ ಹೂಡಿದಳು. ರೊಟ್ಟಿ ಸುಟ್ಟು ಕರೆದಳು: "ಸ್ವಾಮಿ, ಊಟಕ್ಕೆ ಬನ್ನಿ."

"ಹಸಿವಿಲ್ಲ, ಹೋಗೇ!"

ಒಣಮೀನು ಹುರಿದು ಕರೆದಳು: "ಸ್ವಾಮಿ, ಊಟಕ್ಕೆ ಬನ್ನಿ."

"ಹ್ಞೂಂ."

ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಅನ್ನಿಸಿ, ಮನೆಯಲ್ಲಿ ಗಂಡನ ಮೇಲೆ ರೇಗುವ ಹಾಗೇ ರೇಗಿದಳು: "ಎಷ್ಟು ಸಲ ಕರೀಬೇಕು? ಆರಿ ತಣ್ಣಗಾಗ್ತಿದೆ!"

"ಬರ್ತೀನಿ ಇರೇ!"

ಅಂದೇಬಿಟ್ಟ. ಗಬಕ್ಕನೆ ಬಾಯಿ ಮುಚ್ಚಿಕೊಂಡ, ಮುಚ್ಚಿ ಏನು ಬಂತು? ಮಾತು ಬೆಳ್ಳಕ್ಕಿಯಾಗಿ ಹೊಳೆ ದಾಟಿತು. ಊರು ಗಕ್ಕನೆ ನಿಂತಿತು.

"ಹೋಗ್ತೀನಿ," ಅಂದ ಮಸಣಾಕ್ಷ. ಅವನಿಗೆ ಉಳಿದಿದ್ದ ಮಾತು ಅದೊಂದೇ. ಹೋದ; ಮತ್ತೆ ಬರಲಿಲ್ಲ.

ದಿಕ್ಕು ತಪ್ಪಿದ್ದ ದೋಣಿಗಳೆಲ್ಲ ದಡ ಕಂಡವು. ತೊರೆಯಪ್ಪನೂ ಬಂದ. ಕೆಂಚವ್ವ ಅತ್ತಳು, ಬೈದಳು, ಬಡಿಸಿದಳು. ಮಾರನೆಯ ಬೆಳಿಗ್ಗೆ ಅವನು ಹುಟ್ಟನ್ನು ಹೆಗಲಿಗೇರಿಸಿ, "ಬರ್ತೀನಿ ಕಣೇ," ಅಂದ. ಅವಳು ಇನ್ನೊಂದು ಸಲ ಹೇಳಿಸಿಕೊಂಡೇ ಕಳಿಸಿದಳು.

ಅಂದಿನಿಂದ ಮಡುವನಗರದ ಒಲೆಗಳ ಮೇಲೆ ಹಾಲು ಉಕ್ಕಿದ್ದುಂಟು, ತುಳುಕಿದ್ದಿಲ್ಲ.