ಬೇವಿನ ಬಟ್ಟಲಲ್ಲಿ ಕಾಕಮಾರಿ

೧೯೩೬ರ ಯುಗಾದಿಯ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಮುಗದದ ಪೊಲೀಸ್ ಪಾಟೀಲ ಹುಚ್ಚಪ್ಪ ಧಾರವಾಡದ ಠಾಣೆಗೆ ಬಂದು ವರ್ದಿ ಕೊಟ್ಟ. ಊರಿನ ಜಮೀನುದಾರ ಮಡಿವಾಳಪ್ಪ ಹಬ್ಬದ ದಿನ ಬೇವು, ಅಂದರೆ ಬೇವಿನ ಹೂ ಬೆಲ್ಲ ಕಲಸಿದ ಪಾನಕ, ಕುಡಿದು, ತಾಸು ಕಳೆಯುವುದರೊಳಗೆ ತಲೆ ತಿರುಗಿ ಬಿದ್ದಿದ್ದ. ಬಾಯಲ್ಲಿ ನೊರೆ ಬಂದು ಕೈಕಾಲು ಸೆಟೆದಿದ್ದವು. ಮಧ್ಯಾಹ್ನಕ್ಕೆ ಜೀವ ಹೋಗಿತ್ತು. ಮಣ್ಣು ಕೊಡಲು ಹೊರಟವರನ್ನು ಹುಚ್ಚಪ್ಪನೇ ತಡೆದಿದ್ದ. ಅಕಸ್ಮಾತ್ ಮರಣವೆಂದು ದಾಖಲಿಸಿಕೊಂಡು ಫೌಜದಾರ ಶಾಂತಯ್ಯ ಮತ್ತು ಜಮಾದಾರ ಗುಲಾಬಸಾಬ ಮುಗದದ ರೈಲು ಹತ್ತಿದರು.

ಸತ್ತವನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಪಂಚರ ಎದುರಿಗೆ ಆ ಹೂವು ತೆಗೆದು, ಹೆಣವನ್ನು ಮಲಗಿಸಿ ಪಂಚನಾಮೆ ಬರೆಯಬೇಕಾಯಿತು. ಯಾರೂ ಅಳಲಿಲ್ಲ. ಹೆಂಡತಿ ಶಿವಬಸವ್ವ ಕಂಬ ಹಿಡಿದು ಕೂತಿದ್ದಳು. ಎರಡು ವರ್ಷದ ಹಿಂದೆ ಒಬ್ಬನೇ ಮಗನನ್ನು ಪ್ಲೇಗಿಗೆ ಕೊಟ್ಟವಳು. ಆ ಮಗನ ಹೆಂಡತಿ ಸಂಗವ್ವ ಮಗಳು ಈರವ್ವನನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಬೇವನ್ನು ಮನೆಯವರೆಲ್ಲ ಒಂದೇ ತಪ್ಪೇಲಿಯಿಂದ ಕುಡಿದಿದ್ದರು. ಉಳಿದವರಿಗೆ ಒಂದು ತೇಗೂ ಬಂದಿರಲಿಲ್ಲ. ಕಲಸಿದವಳು, ಬಟ್ಟಲಿಗೆ ಹಾಕಿ ಕೊಟ್ಟವಳು ಸಂಗವ್ವ. ಕುಡಿಯುವಾಗ ಯಜಮಾನರು ಏನಾದರೂ ಅಂದರೇ ಎಂದು ಶಾಂತಯ್ಯ ಕೇಳಿದರು.

"ಏನಂತಾರ್ರಿ?" ಅಂದಳು ಶಿವಬಸವ್ವ. "ಬೇವು ಕಹಿನ ಇರ್ತೈತಿ. ಮಾರಿ ಸಿಂಡರಿಸಿದ್ರ ವರ್ಷೆಲ್ಲಾ ಕಹಿ ಅಂತ ಅವರ ಎಲ್ಲಾರಿಗೂ ಹೇಳತಿದ್ರು."

ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಮಡಿವಾಳಪ್ಪ ಹೊರಗೆ ಒಂದು ತುತ್ತು ಮುಟ್ಟಿದವನಲ್ಲ ಎಂದು ಊರೆಲ್ಲ ಸಾಕ್ಷಿ ಹೇಳಿತು. ಅಂದಮೇಲೆ ಮದ್ದು ಮನೆಯೊಳಗೇ ಬಿದ್ದದ್ದು. ಹೆಣ ಚಕ್ಕಡಿಯಲ್ಲಿ ಧಾರವಾಡದ ಆಸ್ಪತ್ರೆಗೆ ಹೋಯಿತು. ಗುಲಾಬಸಾಬ ಹಿತ್ತಲಿನ ತಿಪ್ಪೆ ಕೆದಕಿದ. ಬೇವಿನ ಕಡ್ಡಿ, ಮಾವಿನ ಸಿಪ್ಪೆಗಳ ನಡುವೆ ಮೆಣಸಿನ ಕಾಳಿಗಿಂತ ದೊಡ್ಡದಾದ ಕಪ್ಪು ಚಿಪ್ಪಿನ ಚೂರುಗಳು ಸಿಕ್ಕವು. ಅವನ್ನು ಪೊಟ್ಟಣ ಕಟ್ಟಿ ಮೊಹರು ಹಾಕಿದರು.

ಮರುದಿನ ಡಾಕ್ಟರರು ಚೂರು ನೋಡಿದ ಕೂಡಲೇ ಕಾಕಮಾರಿ ಎಂದರು. ಕಾಡಿನಲ್ಲಿ ದೊಡ್ಡ ಮರಗಳನ್ನು ಹಬ್ಬಿ ಏರುವ ಬಳ್ಳಿ. ಕಾಂಡ ಮುದಿಯಾದಂತೆ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹಣ್ಣು ದ್ರಾಕ್ಷಿಯ ಹಾಗೆ ಗೊಂಚಲು ಗೊಂಚಲಾಗಿ ಜೋತುಬಿದ್ದು, ಮಾಗಿದಾಗ ಕಪ್ಪಾಗುತ್ತದೆ. ಮೇಲಿನ ತಿರುಳಿನಿಂದ ಅಷ್ಟು ಕೇಡಿಲ್ಲ, ವಿಷವೆಲ್ಲ ಗಟ್ಟಿ ಚಿಪ್ಪಿನೊಳಗಿನ ಬೀಜದ್ದು. ವಿಪರೀತ ಕಹಿ. ಅಂಥದನ್ನು ಯಾರಿಗಾದರೂ ತಿಳಿಯದಂತೆ ಕುಡಿಸಬೇಕಾದರೆ ವರ್ಷದಲ್ಲಿ ಒಂದೇ ದಿನ ಸಾಧ್ಯ ಎಂದು ಶಾಂತಯ್ಯನವರಿಗೆ ಆಗ ಹೊಳೆಯಿತು. ಮುಂಬಯಿಯ ರಾಸಾಯನಿಕ ಪರೀಕ್ಷಕರ ವರದಿ ಬರಲು ತಿಂಗಳಾದರೂ ಬೇಕು. ಅದಕ್ಕೆ ಕಾಯದೆ ಎಫ್.ಐ.ಆರ್. ಬರೆಸಿದರು.

ಕಾಡಿನಿಂದ ಆ ಕಾಯಿ ತರುವವನು ಮುಗದದಲ್ಲಿ ಒಬ್ಬನೇ, ಮೌಲಾಲಿ. ಕಾಯಿ ಜಜ್ಜಿ ಕೆರೆಯ ಮೂಲೆಗೆ ಹಾಕಿದರೆ ಮೀನು ಮಂಕಾಗಿ ತೇಲುತ್ತವೆ. ಕೈಯಿಂದಲೇ ಬಾಚಿಕೊಳ್ಳಬಹುದು. ದನ ಕುಡಿಯುವ ನೀರು ಕೆಡಿಸುತ್ತಾನೆಂದು ಮಡಿವಾಳಪ್ಪ ಅವನನ್ನು ಚಾವಡಿಗೆ ಕರೆಸಿ ಬೈದದ್ದೂ ಉಂಟು. ಹುಚ್ಚಪ್ಪನ ಬೆರಳೆಲ್ಲ ಅವನ ಕಡೆಗೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಮೌಲಾಲಿ ಅಲ್ಲ. ಕಾಯಿ ತನ್ನದೇ ಎಂದು ಮೊದಲೇ ಒಪ್ಪಿಕೊಂಡ.

"ಯಾರಿಗೆ ಕೊಟ್ಟಿ?" ಶಾಂತಯ್ಯ ಕೇಳಿದರು.

"ಯಾರಿಗೂ ಕೊಟ್ಟಿಲ್ರಿ ಸಾಹೇಬ್ರ. ಬುಟ್ಟಿ ಕೆರಿ ದಂಡಿಮ್ಯಾಲ ಇರ್ತೈತಿ. ಒಂದ ಮುಟಗಿ ಹೋದ್ರ ಹ್ಯಾಂಗ ತಿಳೀಬೇಕ್ರಿ?"

"ಅದರ ಬಗ್ಗೆ ಯಾರರ ಕೇಳಿದ್ರೇನು?"

ಹೂಂ ಅಂದ ಮೌಲಾಲಿ. "ಮಡಿವಾಳಪ್ಪನವರ ಸೊಸಿ ನೀರಿಗೆ ಬಂದಿದ್ಲರಿ. ಮೀನ ಸತ್ತೂವೇನು ಅಂತ ಕೇಳಿದ್ಲು. ಇಲ್ಲ ತಂಗಿ, ಅಮಲ ಏರೈತಿ ಅಷ್ಟ, ಹಿಡೀಲಾರದ್ವು ಸಂಜಿಮುಂದ ಮತ್ತ ಈಸತಾವ ಅಂದ್ನಿ." ಮತ್ತೆ ತಾನಾಗಿಯೇ ಹೇಳಿದ. "ಹಿಡದ ಮೀನಿನ ಹೊಟ್ಟ್ಯಾಗಿನ ಕರಳು ಲಗೂ ತಗದ ಒಗೀಬೇಕು, ಇಲ್ಲಂದ್ರ ತಿಂದವರ ಜೀವಕ್ಕ ಬರ್ತೈತಿ. ಅದನ್ನ ಹೇಳಲಿಲ್ರಿ. ಮೀನ ತಿನ್ನದ ಮನಿಯಾಕಿಗೆ ಅದ್ಯಾಕಂತ ಬಿಟ್ನಿ."

ಅವನ ಹೇಳಿಕೆ ಬರೆದುಕೊಳ್ಳುವಾಗ ಶಾಂತಯ್ಯನವರಿಗೆ ಬೇಸರವಾಯಿತು. ಕೈಗೆ ಸಿಕ್ಕ ಎಳೆ ಸಿಗದಿದ್ದರೇ ಚಲೋ ಇತ್ತು ಅನ್ನಿಸಿತು. ಆದರೂ ಮಡಿವಾಳಪ್ಪನ ಮನೆಗೆ ನಡೆದರು.

ಸಂಗವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, ಕೇಳುವ ಮೊದಲೇ ಹೇಳಿದಳು. ಮಾವ ಅವಳಿಗೆ ಸುಳ್ಳ ಎಂಬ ಊರಿನ ಒಬ್ಬನೊಡನೆ ಉಡಿಕೆ, ಅಂದರೆ ಮರುಮದುವೆ, ಗೊತ್ತು ಮಾಡಿದ್ದ. ಹರೆಯದ ವಿಧವೆ ಸುಮ್ಮನೆ ಮನೆಯಲ್ಲಿ ಕೂಡುವುದಕ್ಕಿಂತ ಒಂದು ಸಂಸಾರ ಕಟ್ಟಿಕೊಳ್ಳಲಿ ಎಂಬುದು ಅವನ ಲೆಕ್ಕ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಉಡಿಕೆಯಾಗಿ ಹೋಗುವವಳು ಮೊದಲ ಗಂಡನ ಕೂಸನ್ನು ಆ ಮನೆಯಲ್ಲೇ ಬಿಟ್ಟು ಹೋಗಬೇಕು. ಅದು ರೂಢಿ. ಈರವ್ವನನ್ನು ಬಿಟ್ಟು ಹೋಗಲಾರೆ, ಇಲ್ಲೇ ದುಡಿದುಕೊಂಡು ಇರುತ್ತೇನೆ ಎಂದು ಮಾವನ ಕಾಲು ಹಿಡಿದಿದ್ದಳು. ಹಬ್ಬ ಮುಗಿದ ಸೋಮವಾರ ಉಡಿಕೆ.

"ಮನಿ ಹಿರ್ಯಾ ಹಾಸಗಿ ಹಿಡದ್ರ ಕಾರ್ಯ ಮುಂದ ಹೋಗ್ತೈತಿ, ಸುಳ್ಳದವರು ಅವಸರದಾಗ ಅದಾರ, ಬ್ಯಾರೆ ಕಡೆ ನೋಡಿಕೋತಾರ ಅಂದ್ಕೊಂಡ್ನಿರಿ," ಅಂದಳು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಮೀನ ಎದ್ದಂಗ ಮಾವನೂ ಏಳ್ತಾರ ಅಂತ ದಾರಿ ನೋಡಿದ್ನಿ. ಏಳಲಿಲ್ರಿ."

ಮೌಲಾಲಿಯ ಬುಟ್ಟಿಯಿಂದ ಕಾಯಿ ತಂದು, ಬೀಜ ಅರೆದು ಮಾವನ ಬಟ್ಟಲಿಗಷ್ಟೇ ಬೆರೆಸಿದ್ದೆ ಎಂದು ಒಳಕಲ್ಲನ್ನು ತೋರಿಸಿದಳು. ಸಂಜೆ ನಾಲ್ಕರ ಹೊತ್ತಿಗೆ ಅವಳನ್ನು ಬಂಧಿಸಿ, ಅಟಕದ ಪಂಚನಾಮೆ ಮುಗಿಸಿದರು. ಹೆಬ್ಬಟ್ಟು ಒತ್ತಿದ ಮಸಿಯನ್ನು ಸಂಗವ್ವ ಸೆರಗಿಗೆ ಒರೆಸಿಕೊಂಡಳು.

ಸಣ್ಣ ಕೂಸು ಜೇಲಿನಲ್ಲಿ ತಾಯಿಯ ಹತ್ತಿರ ಇರಲು ಸರಕಾರ ಬಿಡುತ್ತದೆ, ಬೇಕಿದ್ದರೆ ಕರೆದುಕೊಂಡು ಬಾ ಎಂದು ಶಾಂತಯ್ಯ ತಾವಾಗಿಯೇ ಹೇಳಿದರು. ಹಾಗೆ ಹೇಳುವುದು ಫೌಜದಾರರ ಕೆಲಸವಲ್ಲ. ಶಿವಬಸವ್ವ ಎದ್ದು ಬಂದು, ಸೊಸೆಯ ಮುಖ ನೋಡದೆ, ಈರವ್ವನನ್ನು ಅವಳ ಮುಂದೆ ನಿಲ್ಲಿಸಿ ಹಿಂದೆ ಸರಿದಳು.

ಸಂಗವ್ವ ಮಗಳ ತಲೆಯ ಮೇಲೆ ಕೈಯಿಟ್ಟು ಅತ್ತೆಯನ್ನು ನೋಡಿದಳು.

"ಬ್ಯಾಡ್ರಿ," ಅಂದಳು ಫೌಜದಾರರಿಗೆ. "ಆಕಿ ಇಲ್ಲೇ ಇರ್ಲಿ. ಅತ್ತಿಗೆ ಇನ್ಯಾರೂ ಉಳದಿಲ್ಲ."

ಗುಲಾಬಸಾಬ ಚಕ್ಕಡಿ ಹೂಡಲು ಹೇಳಿದ.