ತೊಂಬತ್ತನೇ ದಿನದ ಕರೆ

ಮಗಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಭಾಗ ಮಾಡಿಕೊಂಡು, ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾಗ ಆಫೀಸಿನ ಫೋನು ಬಡಿದುಕೊಳ್ಳತೊಡಗಿತು.

"ತಲೆ ಅಲ್ಲಾಡಿಸ್ಬೇಡ," ಎಂದು ಅವಳು ಬಾಚಣಿಗೆಯ ಸಂದಿಯಿಂದಲೇ ಗದರಿದಳು.

"ನಾನು ಅಲ್ಲಾಡಿಸ್ತಿಲ್ಲ. ನೀನು ಎಳೀತಿದ್ದೀಯ," ಎಂದಿತು ಹುಡುಗಿ.

ಎಂಟು ವರ್ಷದ ಆ ಮಗುವಿಗೆ ಮನೆಯಲ್ಲಿ ಚಿನಕುರುಳಿ ಎಂದೇ ಹೆಸರು. ಒಂದು ಕ್ಷಣ ಬಾಯಿ ಮುಚ್ಚದ ಮಗಳಿಗೆ ಅಪ್ಪ ಇಟ್ಟದ್ದು. ಈಚೆಗೆ ಮೂರು ತಿಂಗಳಿಂದ ಆ ಬಾಯಿ ಸ್ವಲ್ಪ ತಣ್ಣಗಾಗಿತ್ತು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡಿದ್ದಳು ತಾಯಿ.

"ನನ್ನ ಎರಡು ಕೈಯೂ ನಿನ್ನ ತಲೇಲಿದೆ. ಸ್ಪೀಕರ್ ಒತ್ತು. ಗಲಾಟೆ ಮಾಡ್ಬೇಡ, ಆಸ್ಪತ್ರೆ ಫೋನು."

ಅವಳ ಕೆಲಸವೇ ಫೋನು. ಮೂರು ಆಸ್ಪತ್ರೆಗಳ ಪರವಾಗಿ ಮನೆಯಲ್ಲೇ ಕುಳಿತು ಕರೆ ಮಾಡಬೇಕು. ಸ್ಟ್ರೋಕ್ ಆಗಿ, ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ತೆಳುವಾದ ಕೊಳವೆ ತೂರಿಸಿ ತೆಗೆಸಿಕೊಂಡವರು ತೊಂಬತ್ತನೇ ದಿನಕ್ಕೆ ಹೇಗಿದ್ದಾರೆ ಎಂದು ವಿಚಾರಿಸಿ, ಸೊನ್ನೆಯಿಂದ ಆರರವರೆಗೆ ಒಂದು ಅಂಕಿ ಬರೆಯಬೇಕು. ಸೊನ್ನೆ ಎಂದರೆ ಏನೂ ತೊಂದರೆ ಉಳಿದಿಲ್ಲ. ಐದು ಎಂದರೆ ಹಾಸಿಗೆ. ಆರು ಎಂದರೆ ಆ ಮನುಷ್ಯನೇ ಇಲ್ಲ. ಅವಳಿಗೆ ಕೊಡುವ ಪಟ್ಟಿಯಲ್ಲಿ ಯಾರ ಹೆಸರೂ ಇರುವುದಿಲ್ಲ.

"ಹಲೋ, ನಿನ್ನೆ ಈ ನಂಬರಿಂದ ಫೋನ್ ಬಂದಿತ್ತು… ನಾನು ಕೆಳಗಡೆ ಇದ್ದೆ," ಎಂದಿತು ಒಂದು ಹೆಂಗಸಿನ ದನಿ. "ನನ್ನ ತಮ್ಮನ ವಿಷಯ ಕೇಳೋಕಾ? ಅವನಿಗೆ ಸ್ಟ್ರೋಕ್ ಆಗಿ ಮೂರು ತಿಂಗಳಾಯ್ತಲ್ಲ."

ಬಾಚಣಿಗೆ ಬಾಯಿಂದ ಜಾರಿ ನೆಲಕ್ಕೆ ಬಿತ್ತು.

ಪ್ರತಿ ಮಾತಿನ ಕೊನೆಯನ್ನೂ ಎಳೆದು ಬಿಡುವ ಆ ದನಿ! ಹತ್ತು ವರ್ಷ ಕೇಳಿದ ದನಿ ಅದು. ಗಂಡನ ಅಕ್ಕನದು. ಆ ಅಕ್ಕನಿಗೆ ಇರುವುದು ಒಬ್ಬನೇ ತಮ್ಮ.

ಬಾಯಿ ಮಾತ್ರ ಅಭ್ಯಾಸಬಲದಿಂದ ತಾನೇ ತಾನಾಗಿ ಪ್ರಶ್ನೆ ಕೇಳತೊಡಗಿತು. ತನ್ನ ದನಿಯೇ ಅವಳಿಗೆ ಬೇರೆ ಯಾರದೋ ಅನ್ನಿಸಿತು.

"ಅವರು… ಯಾರೂ ಹಿಡ್ಕೊಳ್ಳದೆ ನಡೀತಾರಾ?"

"ಕೋಲು ಊರ್ಕೊಂಡು ನಡೀತಾನೆ. ಬಲಗೈ ಬರಲ್ಲ. ಶರ್ಟಿನ ಗುಂಡಿ ನಾನೇ ಹಾಕ್ಬೇಕು."

"ಮಾತು?"

"'ನಿಧಾನ' ಅನ್ನೋದೊಂದೇ ಸಲೀಸಾಗಿ ಬರೋದು. ನೀರು ಬೇಕಾ ಅಂದ್ರೂ ನಿಧಾನ, ಬೇಡ್ವಾ ಅಂದ್ರೂ ನಿಧಾನ. ಡ್ರೈವಿಂಗ್ ಕಲಿಸೋನು ನೋಡಿ. ದಿನವಿಡೀ ಅದೇ ಹೇಳಿ ಹೇಳಿ ನಾಲಗೆಗೆ ಅಂಟ್ಕೊಂಡುಬಿಟ್ಟಿದೆ."

"ಅತ್ತೇ?" ಎಂದಳು ಚಿನಕುರುಳಿ.



"ಓಹೋ… ನೀನಾ ಕೇಳ್ತಿರೋದು ಇದನ್ನೆಲ್ಲ," ಎಂದಿತು ಆ ದನಿ, ಎಳೆತವೆಲ್ಲ ಹೋಗಿ.

"ಅಕ್ಕಾ… ನನಗೆ ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಳೋದಾ? ಅವನ ಫೋನಲ್ಲಿ ಕೊನೇ ಕರೆ ನಿನಗೇ ಹೋಗಿದ್ದು ಕಣೇ. ಎಂಟು ಗಂಟೆ ಹತ್ತು ನಿಮಿಷ. ಕಾರಲ್ಲಿ ಕುಸಿದಿದ್ದವನನ್ನ ಪಾಠಕ್ಕೆ ಬಂದ ಹುಡುಗಿ ನೋಡಿದ್ದು ಒಂಬತ್ತಕ್ಕೆ. ಅವನ ಮಾತು ಹಾಗಾಗಿದ್ದು ಕೇಳಿಸ್ಕೊಂಡೂ ಇಟ್ಬಿಟ್ಟೆ. ಇನ್ನೇನು ಹೇಳ್ಬೇಕಿತ್ತು?"

ಫೋನು ಕಟ್ಟಾಯಿತು.

*

ಆ ಬೆಳಿಗ್ಗೆ ಅವಳಿಗೆ ಚೆನ್ನಾಗಿ ನೆನಪಿತ್ತು.

ಗಂಡ ಬೇರೆಯಾಗಿ ಹೋಗಿ ಆಗಲೇ ಒಂದೂವರೆ ವರ್ಷ. ಹೋದವನಲ್ಲ, ಅವಳೇ ಕಳಿಸಿದ್ದು. ಕುಡಿತ. 'ಬಿಟ್ಟಿದ್ದೀನಿ' ಎಂಬ ಮಾತನ್ನು ನಾಲ್ಕು ಸಲ ನಂಬಿ, ನಾಲ್ಕು ಸಲವೂ ಮೋಸ ಹೋಗಿದ್ದಳು. ಐದನೇ ಸಲ ಅವನು ಅಕ್ಕನ ಊರಿನಿಂದ ಫೋನಿನಲ್ಲಿ ಹೇಳಿದಾಗ, "ಹೌದಾ, ಸಂತೋಷ," ಎಂದು ಮಗಳ ಕೈಗೆ ಫೋನು ಕೊಟ್ಟಿದ್ದಳು. ಅಂದಿನಿಂದ ಅವನು ದಿನಾ ಬೆಳಿಗ್ಗೆ ಮಗಳ ಜೊತೆ ಮಾತ್ರ ಮಾತಾಡುತ್ತಿದ್ದ.

ಅಂದು ಮಗಳು ಕಿಲಕಿಲ ನಗುತ್ತಾ ಬಂದಳು. "ಅಮ್ಮಾ, ಅಪ್ಪ ಏನೇನೋ ಅಂತಿದ್ದಾನೆ, ಕೇಳು."

ಅವಳು ಕಿವಿಗೊಟ್ಟಳು. "ಬ… ಬಸ್ಸು… ಬಟ್ಟಲು… ಬ…" ನಾಲಗೆ ಮಡಚಿಕೊಂಡ ಹಾಗೆ, ಎಳೆದು ಎಳೆದು. ಆ ತೊದಲು ಅವಳಿಗೆ ಹೊಸದೇನಲ್ಲ. ಎಷ್ಟು ರಾತ್ರಿ ಬಾಗಿಲಲ್ಲಿ ಕೇಳಿಲ್ಲ ಅದನ್ನು!

"ಬೆಳಿಗ್ಗೆ ಎಂಟಕ್ಕೇ ಕುಡಿದಿದ್ದಾನೆ. ಇಡು ಫೋನು," ಎಂದಿದ್ದಳು. ಮಗಳು ಇಟ್ಟಿದ್ದಳು. ಆ ಸಂಜೆಯೇ ಅವನ ನಂಬರನ್ನು ಬ್ಲಾಕ್ ಮಾಡಿದ್ದಳು.

ಪ್ರತಿ ಕರೆಯ ಕೊನೆಯಲ್ಲೂ ಅವಳು ತಪ್ಪದೆ ಹೇಳುವ ಮಾತೊಂದಿತ್ತು: 'ಬಾಯಿ ಸೊಟ್ಟಗಾದ್ರೆ, ಕೈ ಸೋತ್ರೆ, ಮಾತು ತೊದಲಿದ್ರೆ ಒಂದು ನಿಮಿಷವೂ ಕಾಯ್ಬೇಡಿ.' ನೂರಾರು ಮನೆಗಳಿಗೆ ಹೇಳಿದ್ದಳು.

ಪಟ್ಟಿಯನ್ನು ತೆರೆದು ನೋಡಿದಳು. ವಯಸ್ಸು ನಲವತ್ತೊಂದು. ಶುರುವಾದದ್ದು: ಬೆಳಿಗ್ಗೆ 8.10, ಫೋನಿನಲ್ಲಿ ಮಾತಾಡುವಾಗ. ನಿನ್ನೆ ಇದೇ ಸಾಲನ್ನು ಓದಿ, 'ಪಾಪ, ಯಾರ ಜೊತೆ ಮಾತಾಡ್ತಿದ್ರೋ' ಎಂದುಕೊಂಡಿದ್ದಳು.

ಅದರ ಪಕ್ಕದಲ್ಲಿ ಕಾರಣ. ಒಂದೇ ಪದ: ಹೃದಯ.

ಆ ಪದದ ಅರ್ಥ ಅವಳಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ದಿನ ಡಾಕ್ಟರು ಬಿಡಿಸಿ ಹೇಳಿದ್ದರು: "ಕುತ್ತಿಗೆಯ ನಾಳ ವರ್ಷಗಟ್ಟಲೆ ಕಿರಿದಾಗ್ತಾ ಬಂದಿರೋರಲ್ಲಿ, ಮೆದುಳು ಎಷ್ಟೋ ಸಲ ಅಕ್ಕಪಕ್ಕದ ಸಣ್ಣ ಓಣಿಗಳನ್ನ ತೆರ್ಕೊಂಡಿರುತ್ತೆ. ದೊಡ್ಡ ದಾರಿ ಮುಚ್ಚಿದ್ರೂ ಸ್ವಲ್ಪ ಹೊತ್ತು ಹೇಗೋ ತಡ್ಕೊಳ್ಳುತ್ತೆ. ಬಡಿತ ತಾಳ ತಪ್ಪಿದ ಹೃದಯದಿಂದ ಬರೋ ಹೆಪ್ಪು ಹಾಗಲ್ಲ, ಹೇಳದೆ ಕೇಳದೆ ಬಂದು ಬಾಗಿಲು ಹಾಕಿಬಿಡುತ್ತೆ. ಅಲ್ಲಿ ಓಣಿಗಳು ಕಡಿಮೆ. ಹೆಪ್ಪು ತೆಗೆದ್ರೂ ಚೇತರಿಕೆ ಕಷ್ಟ ಆಗ್ಬಹುದು. ಎಲ್ಲರಿಗೂ ಹಾಗೇ ಅಂತಲ್ಲ. ಆದ್ರೆ ಒಂದೊಂದು ನಿಮಿಷಕ್ಕೂ ಬೆಲೆ ಇದೆ."

ಒಂದೊಂದು ನಿಮಿಷ. ಎಂಟು ಹತ್ತರಿಂದ ಒಂಬತ್ತು. ಅವಳು ಬೆರಳು ಮಡಚಿ ಲೆಕ್ಕ ಹಾಕಲಿಲ್ಲ. ಹಾಕುವ ಅಗತ್ಯವಿರಲಿಲ್ಲ.

"ಸ್ಕೂಲ್ ಬ್ಯಾಗ್ ಇಡು," ಎಂದಳು. "ಅತ್ತೆ ಮನೆಗೆ ಹೋಗೋಣ."

ಚಿನಕುರುಳಿ ಬ್ಯಾಗ್ ಇಟ್ಟಳು. ಬಸ್ಸಿನಲ್ಲಿ ಎರಡು ಗಂಟೆ ಕಿಟಕಿಯಾಚೆ ನೋಡುತ್ತಾ ಕುಳಿತಳು. ಎಂದಿನ ಹಾಗೆ ಕಿಟಕಿಯ ಸೀಟಿಗೆ ಜಗಳವನ್ನೂ ಆಡಲಿಲ್ಲ.

*

ಗಂಡನ ಅಕ್ಕನ ಮನೆ ಮಹಡಿಯ ಮೇಲೆ. ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ದಪ್ಪ ಹಗ್ಗ ಕಟ್ಟಿದ್ದರು. ಬಾಗಿಲು ತೆರೆದ ಅಕ್ಕ ಮೊದಲು ಮಗುವಿನ ಕೆನ್ನೆ ಸವರಿದಳು. ಆಮೇಲೆ ಒಂದು ನೋಟ್‌ಬುಕ್ ತಂದು ಅವಳ ಕೈಗೆ ತುರುಕಿದಳು.

"ಒಳಗೆ ಹೋಗೋ ಮುಂಚೆ ಇದನ್ನ ನೋಡು. ಮಾತು ಕಲಿಸೋಕೆ ಬರೋ ಟೀಚರು, 'ನಿಮಗೆ ಇಷ್ಟ ಬಂದದ್ದು ಬರೀರಿ' ಅಂದ್ರು. ಎಡಗೈಲಿ ನಾಲ್ಕು ದಿನ ತಗೊಂಡ. ಅಳಿಸೋದು, ಬರೆಯೋದು, ಅಳಿಸೋದು."

ಪುಟದ ತುಂಬ ಅಡ್ಡಾದಿಡ್ಡಿ ಗೆರೆಗಳು. ಕೊನೆಯಲ್ಲಿ, ಒಂದರ ಮೇಲೊಂದು ಬಿದ್ದುಕೊಂಡ ಅಕ್ಷರಗಳಲ್ಲಿ ಒಂದೇ ಪದ.

ಕುಡಿದಿಲ್ಲ.

"ನನಗೇನು ಅರ್ಥ ಆಗ್ಲಿಲ್ಲ ಅಂದ್ಕೊಂಡ್ಯಾ?" ಎಂದಳು ಅಕ್ಕ. "ಬಿದ್ದಾಗ ಅವನಿಗೆ ಮಾತು ಹೋಗಿತ್ತೇ ಹೊರತು ಕಿವಿ ಹೋಗಿರ್ಲಿಲ್ಲ. ಆಗಲೇ ಎಂಟು ತಿಂಗಳಾಗಿತ್ತು ಕಣೇ ಅವನು ಅದನ್ನ ಮುಟ್ಟಿ."

ಕೇಳಿಸಿತ್ತು. ಅವನಿಗೆ ಎಲ್ಲ ಕೇಳಿಸಿತ್ತು… ಕಾರಿನೊಳಗೆ ಒಬ್ಬನೇ, ಕೈ ಸೋತು, ನಾಲಗೆ ಸೋತು ಒರಗಿದ್ದಾಗ, ಅವನು ಕಡೆಯದಾಗಿ ಕೇಳಿದ್ದು ಅವಳ ಮಾತನ್ನು. ಅವಳು ನೋಟ್‌ಬುಕ್ ಹಿಡಿದುಕೊಂಡೇ ಒಳಗೆ ಹೋದಳು.

ಅವನು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ತೆಳ್ಳಗಾಗಿದ್ದ. ತುಟಿಯ ಬಲತುದಿ ಒಂಚೂರು ಇಳಿದಿತ್ತು. ಅವಳನ್ನು ಕಂಡದ್ದೇ ಎದ್ದು ನಿಲ್ಲಲು ಹೋಗಿ, ಕೋಲು ತಪ್ಪಿ, ಮತ್ತೆ ಕುಳಿತ.

"ನಿಧಾನ," ಎಂದ.

ತನಗೆ ಹೇಳಿಕೊಂಡನೋ, ಅವಳಿಗೆ ಹೇಳಿದನೋ ತಿಳಿಯಲಿಲ್ಲ.

ಅವಳು ಅವನ ಕಾಲ ಬಳಿ ನೆಲದ ಮೇಲೇ ಕುಳಿತಳು.

"ರೀ… ನೀವು ಕುಡಿದಿರ್ಲಿಲ್ಲ. ಗೊತ್ತಾಯ್ತು ನನಗೆ. ಊರಿಗೆಲ್ಲ ಫೋನ್ ಮಾಡಿ ಬುದ್ಧಿ ಹೇಳೋಳು ನಾನು. ನಿಮ್ಮ ದನಿಯೇ ಗೊತ್ತಾಗ್ಲಿಲ್ಲ. ಆ ಐವತ್ತು ನಿಮಿಷ ನನ್ನಿಂದ ಹೋಯ್ತು. ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲ."

ಅವನು ಕಿಟಕಿಯ ಕಡೆ ತಿರುಗಿದ. ಕೆಳಗಿನ ಬೀದಿಯಲ್ಲಿ ಯಾರೋ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಗೇರು ಕಿರುಗುಟ್ಟಿತು. ಅವನ ಎಡಗಾಲು ಅರಿವಿಲ್ಲದೆ ಇಲ್ಲದ ಕ್ಲಚ್ಚನ್ನು ಒತ್ತಿತು.

"ಮನೆಗೆ ಬನ್ನಿ," ಎಂದಳು ಅವಳು.

ಅವನು ಇಲ್ಲವೆಂದು ತಲೆಯಾಡಿಸಿದ. ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿ ತೊಡೆಯ ಮೇಲೆ ಬಿಟ್ಟ. ಕುತ್ತಿಗೆಯ ನರ ಉಬ್ಬಿತು, ತುಟಿ ಎರಡು ಮೂರು ಸಲ ಸುಮ್ಮನೆ ಆಡಿತು.

"ಬೇ… ಬೇಡ."

"ಅಬ್ಬಾ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ಮೂರು ತಿಂಗಳು ಬಾಯಿಗೆ ಅನ್ನ ಇಟ್ಟೋಳು ನಾನು. ನನ್ನ ಮುಂದೆ ನಿಧಾನ ಒಂದೇ. ಎರಡನೇ ಮಾತು ಹುಟ್ಟಿದ್ದು ಹೆಂಡತಿಗೆ ಬೇಡ ಅನ್ನೋಕೆ!"

ಅವನ ಇಳಿದ ತುಟಿ ಒಂದು ಕಡೆಯಿಂದ ಮೇಲೇರಿತು. ನಗು ಸೊಟ್ಟಗಿತ್ತು, ಆದರೆ ನಗುವೇ. ಅದನ್ನು ಕಂಡು ಅವಳಿಗೆ ಅಳು ತಡೆಯಲಾಗಲಿಲ್ಲ.

"ಕನಿಕರಕ್ಕೆ ಕರೀತಿಲ್ಲ ರೀ," ಎಂದಳು ಮೂಗೊರೆಸಿಕೊಳ್ಳುತ್ತಾ. "ಡ್ರೈವಿಂಗ್ ಕಲಿಯೋಕೆ ಬಂದ ಮೊದಲನೇ ದಿನ ನಿಮ್ಮ ಕಾರನ್ನ ಹನ್ನೊಂದು ಸಲ ಆಫ್ ಮಾಡಿದ್ದೆ. ಇಳಿ ಕೆಳಗೆ ಅಂದ್ರಾ ನೀವು? ಹಿಂದೆ ಇದ್ದೋರೆಲ್ಲ ಹಾರ್ನ್ ಹೊಡೀತಿದ್ರು, ನೀವು ಹನ್ನೊಂದು ಸಲವೂ ಕೀಲಿ ತಿರುಗಿಸಿಕೊಟ್ರಿ. ನಾನು ಮದುವೆ ಆಗಿದ್ದು ಆ ಮನುಷ್ಯನ್ನ. ಮಧ್ಯದಲ್ಲಿ ಬಂದಿದ್ದ ಕುಡುಕನ್ನ ಕಳಿಸಿದ್ದಕ್ಕೆ ನಾನು ಕ್ಷಮೆ ಕೇಳಲ್ಲ. ಆದ್ರೆ ಆ ಕುಡುಕ ನಿಮ್ಮನ್ನ ಬಿಟ್ಟು ಹೋಗಿದ್ದು ನನಗೆ ಕಾಣ್ಲಿಲ್ಲ ನೋಡಿ… ಅದಕ್ಕೆ ಕೇಳ್ತೀನಿ."

ಅವನು ಅವಳನ್ನೇ ನೋಡಿದ. ಆಮೇಲೆ ನೋಟ್‌ಬುಕ್ಕನ್ನು ಅವಳ ಮಡಿಲಿನಿಂದ ತೆಗೆದುಕೊಂಡು, ಆ ಪುಟವನ್ನು ಎಡಗೈಯಿಂದ ಹರಿಯಲು ಹೆಣಗಿದ. ಒಂದು ಕೈಗೆ ಅದು ಬಗ್ಗಲಿಲ್ಲ. ಅವಳು ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಹರಿದ.

"ಕರ್ಕೊಂಡು ಹೋಗ್ತೀನಿ," ಎಂದಳು.

"ನಿಧಾನ."

"ಆಯ್ತು. ನಿಧಾನಕ್ಕೇ ಹೋಗೋಣ."

ಅವನ ಕಣ್ಣು ಅವಳ ತಲೆಯ ಮೇಲಿಂದ ಆಚೆ ಹೋಯಿತು. ಅಲ್ಲಿ, ಅತ್ತೆಯ ಸೆರಗಿನ ಹಿಂದೆ, ಚಿನಕುರುಳಿ ನಿಂತಿದ್ದಳು. ಬಂದು ಅರ್ಧ ಗಂಟೆಯಾದರೂ ಹೊಸಿಲು ದಾಟಿರಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದಳು, ಏನೋ ಕದ್ದವಳ ಹಾಗೆ.

ತಾಯಿಗೆ ಆಗ ಹೊಳೆಯಿತು. ಫೋನು ಇಡು ಎಂದವಳು ತಾನು. ಆದರೆ ಗುಂಡಿ ಒತ್ತಿದ್ದು ಆ ಪುಟ್ಟ ಬೆರಳು. ತಾನು ಇವತ್ತು ಬೆಳಿಗ್ಗೆಯಿಂದ ಹೊತ್ತು ತಿರುಗುತ್ತಿರುವುದನ್ನು, ಬೆಳಿಗ್ಗೆ ಅತ್ತೆಯ ಮಾತು ಕೇಳಿದ ಆ ಮಗುವೂ ಹೊತ್ತಿತ್ತು. ಅಲ್ಲ… ಅದಕ್ಕೂ ಮೊದಲಿನಿಂದ. ಮಾರನೇ ದಿನದಿಂದ ಅಪ್ಪನ ಫೋನು ಬರದೇ ಹೋದಾಗಿನಿಂದ, ಮೂರು ತಿಂಗಳು, ಒಬ್ಬಳೇ!

"ಬಾ ಪುಟ್ಟಾ," ಎಂದಳು. "ಅಪ್ಪನ ಹೃದಯದ ಬಡಿತ ತಪ್ಪಿತ್ತು. ಅದರಿಂದ ಆಗಿದ್ದು. ಯಾರು ಏನು ಮಾಡಿದ್ರಿಂದಲೂ ಅಲ್ಲ. ಏನಾದ್ರೂ ಕೇಳ್ಬೇಕಾ ಅಪ್ಪನ್ನ? ಕೇಳು. ಯಾರೂ ಬೈಯಲ್ಲ."

ಅವನು ಎಡಗೈ ಚಾಚಿದ.

ಹುಡುಗಿ ಒಂದೊಂದೇ ಹೆಜ್ಜೆ ಇಟ್ಟು ಬಂದು, ಕೈಗೆ ಸಿಗದಷ್ಟು ದೂರದಲ್ಲಿ ನಿಂತಳು. ಅಮ್ಮನ ಮಾತು ಅವಳಿಗೆ ಸಾಲದಾಗಿತ್ತು. ಅಪ್ಪನ ಮುಖವನ್ನೇ ನೋಡಿ, ಎಂದೂ ಮಾತಿಗೆ ತಡವರಿಸದ ಹುಡುಗಿ ತಡವರಿಸುತ್ತಾ ಶುರು ಮಾಡಿದಳು. ಮೊದಲ ಪದ ಹೊರಬೀಳುತ್ತಿದ್ದ ಹಾಗೆಯೇ ಅವನ ತಲೆ ಇಲ್ಲ, ಇಲ್ಲ ಎಂದು ಅಲ್ಲಾಡತೊಡಗಿತ್ತು. ಆದರೂ ಅವಳು ನಿಲ್ಲಿಸದೆ ಕೊನೆಯವರೆಗೆ ಕೇಳಿದಳು:

"ಅಪ್ಪಾ… ನಾನು ನಕ್ಕು ಫೋನ್ ಇಟ್ಬಿಟ್ಟೆನಲ್ಲ, ಅದಕ್ಕೇನಾ ನಿನಗೆ ಹೀಗಾಗಿದ್ದು?"