ಬಯೂಮಿ ಅಜ್ಜನ ಕಾಫಿ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಲೆಕ್ಸಾಂಡ್ರಿಯಾದಲ್ಲಿ ಪ್ರವಾಸಿಗರಿಗೆ ಊರು ತೋರಿಸಿ, ಮೀನೂಟ ಮಾಡಿಸುವುದು ನನ್ನ ಕೆಲಸ. ದೋಣಿ ಕಟ್ಟುವ ಅಂಗಳ ಬಂದಾಗ ಇಂಗ್ಲಿಷಿನಲ್ಲಿ ದಿನವೂ ಒಂದೇ ಕಥೆ ಬಿಡುತ್ತಿದ್ದೆ: "ಅಲ್ಲಿ ಕೂತಿರೋ ಮುದುಕ ಬಯೂಮಿ ಸಮುದ್ರದಲ್ಲಿ ಮುಳುಗಿ ಸತ್ತವನು. ಅವನ ಕಾಫಿ ಮಾತ್ರ ಕುಡೀಬೇಡಿ!"

ಎಲ್ಲರೂ ನಗುತ್ತಿದ್ದರು. ಇಂಗ್ಲಿಷ್ ಬಾರದ ಬಯೂಮಿ ಅಜ್ಜನೂ ನಗುತ್ತ, ಪಾಯಸದಷ್ಟು ಸಿಹಿಯಾದ ತನ್ನ ಕಾಫಿ ಕುಡಿಯಲು ಕರೆಯುತ್ತಿದ್ದ. ಯಾರೂ ಹೋಗುತ್ತಿರಲಿಲ್ಲ.

"ನನ್ ಬಗ್ಗೆ ಏನ್ ಹೇಳ್ತೀಯೋ ಮಗಾ?" ಎಂದು ಒಮ್ಮೆ ಕೇಳಿದ.

"ದೋಣಿ ಕಟ್ಟೋ ಇಂಥ ಕೆಲಸಗಾರ ಈಜಿಪ್ಟಲ್ಲೇ ಇಲ್ಲ ಅಂತೀನಿ ಅಜ್ಜಾ."

ಅವನ ಕಣ್ಣು ತುಂಬಿ ಬಂತು.

ಆ ಚಳಿಗಾಲದ ಬಿರುಗಾಳಿಯಲ್ಲಿ ಅಜ್ಜ ನಿಜವಾಗಿಯೂ ಸಮುದ್ರದ ಪಾಲಾದ. ಸಾವಿನ ಮನೆಗೆ ಹೋದವರಿಗೆ ನಮ್ಮಲ್ಲಿ ಸಕ್ಕರೆಯಿಲ್ಲದ ಕಾಫಿ ಕೊಡುತ್ತಾರೆ. ಮುಖ ತೋರಿಸಲಾಗದೆ ನಾನು ಹೋಗಲಿಲ್ಲ.

ಅಜ್ಜ ಸತ್ತ ನಲವತ್ತನೆಯ ದಿನ ಮಟಮಟ ಮಧ್ಯಾಹ್ನ, ತಂಡದೊಂದಿಗೆ ಆ ಕಥೆ ಹೇಳದೆಯೇ ಆ ಅಂಗಳ ದಾಟಿದೆ. ಒಳ್ಳೆಯ ಬಿಸಿಲಿದ್ದರೂ ಅವನು ಕೂರುತ್ತಿದ್ದ ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಉಳಿದಿದ್ದ ಹೆಂಗಸೊಬ್ಬಳು ಕಾಫಿ ಬಟ್ಟಲು ಹಿಡಿದು ಓಡಿಬಂದಳು.

"ಆ ಅಜ್ಜ ಎಷ್ಟು ಚೆಂದ ಇಂಗ್ಲಿಷ್ ಮಾತಾಡ್ತಾರೆ! ತಾನು ಮುಳುಗಿ ಸತ್ತೋನು ಅಂತ ತಮಾಷೆ ಬೇರೆ."

"ಮತ್ತೇನಂದ್ರು?"

"'ಅದು ನನಗಿಂತ ಮೊದಲೇ ನಿಮ್ಮ ಗೈಡಿಗೆ ಗೊತ್ತಿತ್ತು' ಅಂದ್ರು. ಇದನ್ನ ನಿಮಗೇ ಕೊಡಬೇಕಂತೆ."

ಬಟ್ಟಲು ಕೈ ಸುಡುತ್ತಿತ್ತು. ಒಂದು ಗುಟುಕು ಕುಡಿದೆ.

ಸಕ್ಕರೆ ಹಾಕಿರಲಿಲ್ಲ.